ಅರವತ್ತಕ್ಕೆ ಅರಳು ಮರಳೇ? ಮಿದುಳು ಕಾಂಡ, ಎರಡು ನುಡಿ ಮತ್ತು ನಮ್ಮ ಹಿರಿಯರ ನೆನಪು



ಮನೆಯಲ್ಲಿ ಹಿರಿಯರು ಒಂದೇ ಮಾತನ್ನು ನಾಲ್ಕು ಸಲ ಕೇಳಿದರೆ, ಚಷ್ಮಾ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದರೆ ನಾವು ನಕ್ಕು ಹೇಳುವ ಮಾತು ಒಂದೇ: ಅರವತ್ತಕ್ಕೆ ಅರಳು ಮರಳು. ಗಾದೆ ಹಳೆಯದು, ಹೇಳಲು ಸುಲಭ. ಆದರೆ ಆ ಗಾದೆಯ ಹಿಂದೆ ಅಡಗಿಕೊಂಡು ಎಷ್ಟೋ ಮನೆಗಳಲ್ಲಿ ಒಂದು ಕಾಯಿಲೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ. ದೇಶದ ಬೇರೆ ಬೇರೆ ರಾಜ್ಯಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರ ಲೆಕ್ಕದಲ್ಲಿ, 60 ವರ್ಷ ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಇದು ಹೆಚ್ಚು. ಉಳಿದವರಲ್ಲಿ ಅನೇಕರಿಗೆ ಬರುವುದು ಬರೀ ವಯಸ್ಸಿನ ಮರೆವು. ಈ ಎರಡರ ನಡುವಿನ ವ್ಯತ್ಯಾಸ ತಿಳಿಯುವುದೇ ಮೊದಲ ಹೆಜ್ಜೆ.

ಇತ್ತೀಚೆಗೆ ಇನ್ನೊಂದು ಗದ್ದಲವೂ ಶುರುವಾಗಿದೆ. "ಕಿವಿಗೆ ಹಚ್ಚಿಕೊಳ್ಳಿ, ನರಕ್ಕೆ ಸಣ್ಣ ಕರೆಂಟು ಕೊಡಿ, ನೆನಪು ಮರಳುತ್ತದೆ" ಎನ್ನುವ ಯಂತ್ರಗಳ ಜಾಹೀರಾತು ಮೊಬೈಲಿನಲ್ಲಿ ಬರುತ್ತಿದೆ. ಇದರಲ್ಲಿ ನಿಜ ಎಷ್ಟು, ವ್ಯಾಪಾರ ಎಷ್ಟು? ನಾರಾಯಣಪೇಟೆ, ಮಕ್ತಲ್, ಗದ್ವಾಲದಂಥ ಊರುಗಳಲ್ಲಿ ಎರಡು ಮೂರು ನುಡಿಗಳ ನಡುವೆ ಬಾಳುವ ನಮಗೆ ಈ ಸಂಶೋಧನೆಗಳಿಂದ ತಿಳಿಯಬೇಕಾದದ್ದು ಏನು? ಒಂದೊಂದಾಗಿ ನೋಡೋಣ.

ಮಿದುಳು ಕಾಂಡ ಎಂದರೆ ಏನು?

ಮಿದುಳನ್ನು ಒಂದು ಹೂಕೋಸಿನಂತೆ ಊಹಿಸಿಕೊಳ್ಳಿ. ಮೇಲೆ ಅರಳಿರುವ ಭಾಗ ಯೋಚನೆ, ಮಾತು, ನೆನಪು, ಲೆಕ್ಕಾಚಾರಗಳ ದೊಡ್ಡ ಮಿದುಳು. ಅದರ ಕೆಳಗೆ, ಬೆನ್ನುಹುರಿಯ ಜೊತೆ ಕೂಡಿಕೊಂಡಿರುವ ದಂಟೇ ಮಿದುಳು ಕಾಂಡ. ಹೆಚ್ಚೆಂದರೆ ಹೆಬ್ಬೆರಳಿನಷ್ಟು ಗಾತ್ರ. ಆದರೆ ಉಸಿರಾಟ, ಎದೆಬಡಿತ, ರಕ್ತದೊತ್ತಡ, ನುಂಗುವುದು, ಕಣ್ಣು ಹೊರಳಿಸುವುದು, ನಿದ್ದೆ, ಎಚ್ಚರ ಎಲ್ಲವೂ ಇದರ ಉಸ್ತುವಾರಿಯಲ್ಲೇ ನಡೆಯುತ್ತವೆ. ಮೇಲಿನ ಮಿದುಳಿಗೂ ಕೆಳಗಿನ ದೇಹಕ್ಕೂ ನಡುವೆ ಹೋಗಿಬರುವ ಸಂದೇಶಗಳೆಲ್ಲ ಈ ದಂಟನ್ನು ದಾಟಿಯೇ ಹೋಗಬೇಕು. ಕೃಷ್ಣಾ ನದಿಗೆ ಸೇತುವೆ ಇದ್ದಂತೆ. ಸೇತುವೆ ಕಿರಿದು, ಆದರೆ ಅದು ನಿಂತರೆ ಎರಡೂ ದಡಗಳ ವ್ಯವಹಾರವೇ ನಿಂತಂತೆ.

ಬಹಳ ಕಾಲ ವೈದ್ಯರು ಮರೆವಿನ ಕಾಯಿಲೆಯನ್ನು ಮೇಲಿನ ಮಿದುಳಿನ ಕಾಯಿಲೆ ಎಂದೇ ನೋಡುತ್ತಿದ್ದರು. ಕಾಂಡವನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈಚಿನ ವರ್ಷಗಳಲ್ಲಿ ಆ ನೋಟ ಬದಲಾಗಿದೆ. ಕಾರಣ ಒಂದು ನೀಲಿ ಚುಕ್ಕೆ.

ನೀಲಿ ಚುಕ್ಕೆಯ ಕಥೆ

ಮಿದುಳು ಕಾಂಡದ ನಡುಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಸಣ್ಣ ಕೋಶಗುಂಪುಗಳಿವೆ. ಉದ್ದ ಸುಮಾರು ಒಂದೂವರೆ ಸೆಂಟಿಮೀಟರ್. ಅದರ ಕೋಶಗಳಲ್ಲಿ ಇರುವ ಒಂದು ಬಣ್ಣದ ವಸ್ತುವಿನಿಂದಾಗಿ ಆ ಜಾಗ ನೀಲಿಯಾಗಿ ಕಾಣುತ್ತದೆ. ಅದಕ್ಕೇ ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ 'ಲೋಕಸ್ ಸೆರೂಲಿಯಸ್' ಎಂದು ಹೆಸರು. ನಾವು ನೀಲಿ ಚುಕ್ಕೆ ಎನ್ನೋಣ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಈ ನೀಲಿ ಚುಕ್ಕೆಯಲ್ಲಿ ಇರುವುದು ಕೆಲವು ಹತ್ತು ಸಾವಿರ ಮಾತ್ರ. ಆದರೆ ಅವುಗಳ ತಂತುಗಳು ಮಿದುಳಿನ ಬಹುತೇಕ ಮೂಲೆಗಳಿಗೂ ಹರಡಿವೆ. ಒಂದೇ ತೂಬಿನ ನೀರು ಇಡೀ ಆಯಕಟ್ಟಿಗೆ ಹೋದ ಹಾಗೆ, ಈ ಚುಕ್ಕೆಯಿಂದ 'ನಾರ್‌ಅಡ್ರಿನಲಿನ್' ಎಂಬ ರಾಸಾಯನಿಕ ಮಿದುಳಿಗೆಲ್ಲ ಹರಿಯುತ್ತದೆ.

ಅದರ ಕೆಲಸ ಎಚ್ಚರಿಸುವುದು. ಹೊಸದೇನಾದರೂ ಕಂಡಾಗ, ಯಾರೋ ಹೆಸರು ಕೂಗಿದಾಗ, ಕಷ್ಟದ ಲೆಕ್ಕ ಎದುರಾದಾಗ "ಇತ್ತ ಗಮನ ಕೊಡು" ಎಂದು ಮಿದುಳಿಗೆ ಹೇಳುವುದು ಇದೇ. ಗಮನ ಕೊಟ್ಟದ್ದು ತಾನೇ ನೆನಪಿನಲ್ಲಿ ಉಳಿಯುವುದು? ಆದ್ದರಿಂದ ನೆನಪಿಗೂ ಈ ಚುಕ್ಕೆಗೂ ನೇರ ನಂಟು.

ಜರ್ಮನಿಯ ವಿಜ್ಞಾನಿ ಹೈಕೊ ಬ್ರಾಕ್ ಮತ್ತು ಅವರ ಜೊತೆಗಾರರು ಒಂದು ವರ್ಷದ ಮಗುವಿನಿಂದ ನೂರು ವರ್ಷದವರವರೆಗೆ, ತೀರಿಹೋದ 2,332 ಜನರ ಮಿದುಳುಗಳನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಲ್‌ಝೈಮರ್ ಕಾಯಿಲೆಯಲ್ಲಿ ಕೋಶಗಳೊಳಗೆ ಗಂಟುಕಟ್ಟುವ 'ಟಾವ್' ಎಂಬ ಪ್ರೋಟೀನಿನ ಮೊದಲ ಗುರುತುಗಳು ಬಹಳ ಜನರಲ್ಲಿ ಕಂಡದ್ದು ಮೇಲಿನ ಮಿದುಳಿನಲ್ಲಿ ಅಲ್ಲ, ಈ ನೀಲಿ ಚುಕ್ಕೆಯಲ್ಲಿ. ಅದೂ ಹರೆಯದವರಲ್ಲಿಯೂ ಕಂಡಿತು. ಇದರ ಅರ್ಥ ಹರೆಯದಲ್ಲೇ ಕಾಯಿಲೆ ಬಂದಿತ್ತು ಎಂದಲ್ಲ. ಆ ಗುರುತು ಇದ್ದ ಎಲ್ಲರಿಗೂ ಕಾಯಿಲೆ ಬರುತ್ತದೆ ಎಂದೂ ಅಲ್ಲ. ಆದರೆ ಎಪ್ಪತ್ತರಲ್ಲಿ ಕಾಣುವ ಮರೆವಿನ ಬೇರು ದಶಕಗಳ ಹಿಂದೆಯೇ ಇಳಿದಿರಬಹುದು ಎಂಬುದು ಇದರಿಂದ ತಿಳಿಯಿತು.

ಅಮೆರಿಕದ ಷಿಕಾಗೊ ನಗರದಲ್ಲಿ ನಡೆದ ಇನ್ನೊಂದು ಅಧ್ಯಯನ 2013ರಲ್ಲಿ ಬಂತು. ಮರೆವಿನ ಕಾಯಿಲೆ ಇಲ್ಲದ ಹಿರಿಯರನ್ನು ವರ್ಷ ವರ್ಷವೂ ಪರೀಕ್ಷಿಸುತ್ತ ಬಂದು, ಅವರು ತೀರಿಕೊಂಡ ಮೇಲೆ ಅವರ ಒಪ್ಪಿಗೆಯಂತೆ ಮಿದುಳನ್ನು ನೋಡಿದರು. ಅಂಥವರು 165 ಮಂದಿ. ನೀಲಿ ಚುಕ್ಕೆಯಲ್ಲಿ ಕೋಶಗಳು ದಟ್ಟವಾಗಿ ಉಳಿದಿದ್ದವರ ಬುದ್ಧಿಶಕ್ತಿ ಕೊನೆಯ ವರ್ಷಗಳಲ್ಲಿ ನಿಧಾನವಾಗಿ ಇಳಿದಿತ್ತು. ಉಳಿದವರದು ಬೇಗ ಇಳಿದಿತ್ತು. ಅಂದರೆ ಈ ಚುಕ್ಕೆ ಗಟ್ಟಿಯಾಗಿದ್ದರೆ ಮುಪ್ಪಿನಲ್ಲಿ ಮಿದುಳು ತಾಳಿಕೊಳ್ಳುವ ಶಕ್ತಿಯೂ ಹೆಚ್ಚು ಎಂದು ತೋರುತ್ತದೆ.

ಅಲೆಮಾರಿ ನರ ಮತ್ತು ಸಣ್ಣ ಕರೆಂಟು

ಈಗ ನರ ಉದ್ದೀಪನದ ಮಾತು. ನೀಲಿ ಚುಕ್ಕೆ ತಲೆಯ ಆಳದಲ್ಲಿದೆ, ಅಲ್ಲಿಗೆ ಕೈ ಹಾಕುವುದು ಸುಲಭವಲ್ಲ. ಆದರೆ ಅಲ್ಲಿಗೆ ಹೋಗುವ ಒಂದು ದಾರಿ ಕುತ್ತಿಗೆಯಲ್ಲಿದೆ. ಅದರ ಹೆಸರು ವೇಗಸ್ ನರ. ಲ್ಯಾಟಿನ್ನಿನಲ್ಲಿ ವೇಗಸ್ ಎಂದರೆ ಅಲೆಮಾರಿ. ಹೆಸರಿಗೆ ತಕ್ಕಂತೆ ಇದು ಮಿದುಳು ಕಾಂಡದಿಂದ ಹೊರಟು ಗಂಟಲು, ಎದೆ, ಶ್ವಾಸಕೋಶ, ಹೊಟ್ಟೆ, ಕರುಳು ಎಲ್ಲ ಸುತ್ತುತ್ತದೆ. ಇದರ ಬಹುಪಾಲು ತಂತುಗಳು ದೇಹದ ಸುದ್ದಿಯನ್ನು ಮೇಲಕ್ಕೆ, ಮಿದುಳಿಗೆ ಮುಟ್ಟಿಸುವಂಥವು. ಆ ಸುದ್ದಿ ಕಾಂಡಕ್ಕೆ ಬಂದು, ಅಲ್ಲಿಂದ ನೀಲಿ ಚುಕ್ಕೆಗೂ ಮುಟ್ಟುತ್ತದೆ.

ಇದರ ಒಂದು ಸಣ್ಣ ಕವಲು ಕಿವಿಗೂ ಬರುತ್ತದೆ. ಕಿವಿಯೊಳಗೆ ಕಡ್ಡಿ ಹಾಕಿದಾಗ ಕೆಲವರಿಗೆ ಥಟ್ಟನೆ ಕೆಮ್ಮು ಬರುವುದು ಇದೇ ಕವಲಿನ ದೆಸೆಯಿಂದ.

ಮೂರ್ಛೆರೋಗಕ್ಕೆ ವೇಗಸ್ ನರದ ಉದ್ದೀಪನವನ್ನು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಒಪ್ಪಿದ್ದು 1997ರಲ್ಲಿ. ಔಷಧಕ್ಕೆ ಬಗ್ಗದ ಖಿನ್ನತೆಗೆ 2005ರಲ್ಲಿ ಒಪ್ಪಿತು. ಎದೆಯ ಎಡಭಾಗದಲ್ಲಿ ಚರ್ಮದ ಕೆಳಗೆ ಬ್ಯಾಟರಿ ಇಟ್ಟು, ಅದರ ತಂತಿಯನ್ನು ಕುತ್ತಿಗೆಯ ಎಡ ವೇಗಸ್ ನರಕ್ಕೆ ಸುತ್ತುತ್ತಾರೆ. ಅದು ಆಗಾಗ ಸಣ್ಣ ಮಿಡಿತ ಕೊಡುತ್ತಿರುತ್ತದೆ. ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲೂ, ಮಾತ್ರೆಗೆ ಬಗ್ಗದ ಮೂರ್ಛೆರೋಗಕ್ಕೆ ಇದನ್ನು ಮಾಡುತ್ತಾರೆ. ಖರ್ಚು ಲಕ್ಷಗಟ್ಟಲೆ. ದನಿ ಒಡೆಯುವುದು, ಕೆಮ್ಮು ಬರುವುದು ಇದರ ಸಾಮಾನ್ಯ ತೊಂದರೆಗಳು.

2021ರಲ್ಲಿ ಇನ್ನೊಂದು ಹೆಜ್ಜೆ ಮುಂದಾಯಿತು. ಪಾರ್ಶ್ವವಾಯು ಹೊಡೆದು ತೋಳಿನ ಬಲ ಕುಂದಿದ 108 ಜನರ ಮೇಲೆ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಪರೀಕ್ಷೆ ನಡೆಯಿತು. ಕೈಯ ವ್ಯಾಯಾಮ ಮಾಡುವ ಹೊತ್ತಿಗೇ ವೇಗಸ್ ನರಕ್ಕೆ ಮಿಡಿತ ಕೊಟ್ಟಾಗ, ಬರೀ ವ್ಯಾಯಾಮ ಮಾಡಿದವರಿಗಿಂತ ಹೆಚ್ಚು ಸುಧಾರಣೆ ಕಂಡಿತು. ಇಲ್ಲಿ ಒಂದು ಮಾತು ಗಮನಿಸಬೇಕು. ಕರೆಂಟು ತಾನೇ ಕೈಯನ್ನು ಸರಿ ಮಾಡಲಿಲ್ಲ. ಕೈ ದುಡಿಯುತ್ತಿದ್ದಾಗ ಮಿದುಳನ್ನು ಎಚ್ಚರವಾಗಿಟ್ಟಿತು, ಅಷ್ಟೇ.

ಹಾಗಾದರೆ ಮರೆವಿಗೆ?

ಇಲ್ಲಿ ನಿಧಾನವಾಗಿ ಓದಿ. ಸ್ವೀಡನ್ ದೇಶದಲ್ಲಿ ಆಲ್‌ಝೈಮರ್ ಇದ್ದ 10 ಜನರಿಗೆ ವೇಗಸ್ ನರದ ಯಂತ್ರ ಅಳವಡಿಸಿ ನೋಡಿದ ಫಲಿತಾಂಶ 2002ರಲ್ಲಿ ಬಂತು. 2006ರಲ್ಲಿ 17 ಜನರ ಒಂದು ವರ್ಷದ ಫಲಿತಾಂಶ ಬಂತು. ಕೆಲವರಲ್ಲಿ ಬುದ್ಧಿಶಕ್ತಿ ಅಷ್ಟು ಕಾಲ ಇಳಿಯದೆ ನಿಂತಿತ್ತು. ಆದರೆ ಯಂತ್ರ ಹಾಕದ ಇನ್ನೊಂದು ಗುಂಪಿನೊಂದಿಗೆ ಹೋಲಿಸಿ ನೋಡಿರಲಿಲ್ಲ, ಜನರೂ ಕೆಲವರೇ. 2015ರಲ್ಲಿ ಆರೋಗ್ಯವಂತ 30 ಹಿರಿಯರಿಗೆ ಕಿವಿಯ ಮೂಲಕ, ಕೊಯ್ಯದೆ, ಒಂದೇ ಸಲ ಉದ್ದೀಪನ ಕೊಟ್ಟು ನೋಡಿದಾಗ ಮುಖಕ್ಕೂ ಹೆಸರಿಗೂ ಜೋಡಿಸಿ ನೆನಪಿಡುವ ಶಕ್ತಿ ತುಸು ಉತ್ತಮವಾಯಿತು. ಒಂದು ದಿನದ ಪರೀಕ್ಷೆ ಅದು.

ಇಷ್ಟರಿಂದ "ಮರೆವಿನ ಕಾಯಿಲೆಗೆ ಮದ್ದು ಸಿಕ್ಕಿತು" ಎನ್ನುವುದು ಮೋಡ ನೋಡಿ ಬಿತ್ತನೆ ಮಾಡಿದಂತೆ. ವಿಜ್ಞಾನಿಗಳು ಕೆಲಸ ಮುಂದುವರಿಸಿದ್ದಾರೆ, ಆಸೆ ಇಟ್ಟುಕೊಳ್ಳಲು ಕಾರಣವೂ ಇದೆ. ಆದರೆ ಮನೆಯಲ್ಲಿ ಹಚ್ಚಿಕೊಳ್ಳುವ ಯಂತ್ರಕ್ಕೆ ಹತ್ತು ಇಪ್ಪತ್ತು ಸಾವಿರ ಸುರಿಯುವ ಹೊತ್ತು ಇನ್ನೂ ಬಂದಿಲ್ಲ. ಎದೆಬಡಿತದ ತೊಂದರೆ ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಇಂಥ ಯಂತ್ರಗಳನ್ನು ಮುಟ್ಟಲೇಬಾರದು. ವೇಗಸ್ ನರಕ್ಕೆ ಒಳ್ಳೆಯದು ಎಂದು ಕುತ್ತಿಗೆಯ ಪಕ್ಕವನ್ನು ಒತ್ತಿ ಉಜ್ಜುವ ವಿಡಿಯೊಗಳೂ ಓಡಾಡುತ್ತಿವೆ. ಹಿರಿಯರಲ್ಲಿ ಅಲ್ಲಿ ಒತ್ತಿದರೆ ನಾಡಿ ಇಳಿದು ತಲೆತಿರುಗಿ ಬೀಳಬಹುದು, ರಕ್ತನಾಳದಲ್ಲಿ ಕೊಬ್ಬು ಕಟ್ಟಿದ್ದರೆ ಪಾರ್ಶ್ವವಾಯುವೂ ಆಗಬಹುದು. ದಯವಿಟ್ಟು ಮಾಡಬೇಡಿ. ನಿಧಾನವಾಗಿ ಉಸಿರೆಳೆದು ಬಿಡುವುದರಿಂದ ಮನಸ್ಸಿಗೆ ಸಮಾಧಾನವಾಗುತ್ತದೆ, ನಾಡಿ ತುಸು ತಣ್ಣಗಾಗುತ್ತದೆ. ಅದಕ್ಕೆ ದುಡ್ಡೂ ಬೇಡ. ಆದರೆ ಅದೂ ಮರೆವಿನ ಕಾಯಿಲೆಗೆ ಔಷಧವಲ್ಲ.

ಹೈದರಾಬಾದಿನಿಂದ ಬಂದ ಸುದ್ದಿ

ಯಂತ್ರದ ಮಾತು ಬಿಡಿ. ಯಾವ ಯಂತ್ರವೂ ಇಲ್ಲದೆ ಮಿದುಳಿಗೆ ದಿನವಿಡೀ ಕೆಲಸ ಕೊಡುವ ಒಂದು ಸಂಗತಿ ನಮ್ಮ ಊರುಗಳಲ್ಲಿ ಮೊದಲಿನಿಂದಲೂ ಇದೆ. ಅದು ಎರಡು ನುಡಿ.

ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮ ಜನರ ಬಾಯಲ್ಲಿ ನಿಮ್ಸ್, ಅಲ್ಲಿನ ನೆನಪಿನ ಚಿಕಿತ್ಸಾಲಯಕ್ಕೆ 2006ರಿಂದ 2012ರವರೆಗೆ ಬಂದ 648 ಮರೆವಿನ ರೋಗಿಗಳ ದಾಖಲೆಗಳನ್ನು ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ನೋಡಿದರು. ಅವರ ಜೊತೆ ಎಡಿನ್‌ಬರೊ ವಿಶ್ವವಿದ್ಯಾಲಯದ ಥಾಮಸ್ ಬಾಕ್ ಇದ್ದರು. ಆ 648 ಜನರಲ್ಲಿ 391 ಮಂದಿ ಎರಡು ಅಥವಾ ಹೆಚ್ಚು ನುಡಿ ಬಲ್ಲವರು. 2013ರಲ್ಲಿ ಪ್ರಕಟವಾದ ಫಲಿತಾಂಶ ಇದು: ಒಂದೇ ನುಡಿ ಬಲ್ಲವರಲ್ಲಿ ಕಾಯಿಲೆ ಶುರುವಾದ ಸರಾಸರಿ ವಯಸ್ಸು 61.1 ವರ್ಷ. ಎರಡು ನುಡಿ ಬಲ್ಲವರಲ್ಲಿ 65.6 ವರ್ಷ. ಅಂದರೆ ನಾಲ್ಕೂವರೆ ವರ್ಷ ತಡ.

"ಓದಿದವರಿಗೆ ಎರಡು ನುಡಿ ಬರುತ್ತದೆ, ತಡವಾದದ್ದು ಓದಿನಿಂದ ಇರಬೇಕು" ಎಂದು ಯಾರಾದರೂ ಕೇಳಬಹುದು. ಅದನ್ನೂ ಅವರು ನೋಡಿದರು. ಶಾಲೆಯ ಮೆಟ್ಟಿಲೇ ಹತ್ತದವರಲ್ಲಿ ಎರಡು ನುಡಿ ಆಡುವವರಿಗೆ ಕಾಯಿಲೆ ಸುಮಾರು ಆರು ವರ್ಷ ತಡವಾಗಿ ಬಂದಿತ್ತು. ಮಗ್ಗದ ಮುಂದೆ ಕೂತು ಕನ್ನಡ ಆಡಿ, ಸಂತೆಯಲ್ಲಿ ತೆಲುಗು ಆಡಿ, ಸಾಹುಕಾರನ ಹತ್ತಿರ ಉರ್ದುವಿನಲ್ಲಿ ಚೌಕಾಸಿ ಮಾಡುವ ನಮ್ಮ ಅನಕ್ಷರಸ್ಥ ಆಯಿಗೂ ಈ ಮಾತು ಸಲ್ಲುತ್ತದೆ. ಎರಡಕ್ಕಿಂತ ಹೆಚ್ಚು ನುಡಿ ಬಂದರೆ ಹೆಚ್ಚುವರಿ ಲಾಭ ಮಾತ್ರ ಕಾಣಲಿಲ್ಲ.

2016ರಲ್ಲಿ ಅದೇ ತಂಡ ಪಾರ್ಶ್ವವಾಯು ಆದ 608 ಜನರ ಲೆಕ್ಕ ಕೊಟ್ಟಿತು. ಆಘಾತದ ನಂತರವೂ ಬುದ್ಧಿಶಕ್ತಿ ಮಾಮೂಲಾಗಿ ಉಳಿದವರು ಎರಡು ನುಡಿಯವರಲ್ಲಿ ಶೇ 40.5, ಒಂದೇ ನುಡಿಯವರಲ್ಲಿ ಶೇ 19.6.

ಏಕೆ ಹೀಗೆ? ಎರಡು ನುಡಿ ಬಲ್ಲವರ ತಲೆಯಲ್ಲಿ ಎರಡೂ ನುಡಿಗಳು ಯಾವಾಗಲೂ ಎಚ್ಚರವಾಗಿರುತ್ತವೆ. ಅಂಗಡಿಯಲ್ಲಿ "ನೀರು" ಎನ್ನಬೇಕೋ "ನೀಳ್ಳು" ಎನ್ನಬೇಕೋ ಎಂದು ಎದುರಿಗಿರುವವರ ಮುಖ ನೋಡಿ ಒಂದನ್ನು ತಡೆದು ಇನ್ನೊಂದನ್ನು ಹೊರಡಿಸಬೇಕು. ಇದು ದಿನಕ್ಕೆ ನೂರಾರು ಸಲ, ನಮಗೆ ಗೊತ್ತಿಲ್ಲದಂತೆ ನಡೆಯುವ ಸಾಮು. ಹೀಗೆ ಗಳಿಸಿದ ಶಕ್ತಿ ಮಿದುಳಿನ ಇಡಗಂಟಾಗುತ್ತದೆ. ಕಾಯಿಲೆ ಬಂದು ಕೋಶಗಳು ಸತ್ತರೂ ಇಡಗಂಟಿನಿಂದ ತೆಗೆದು ಖರ್ಚು ನಡೆಸಬಹುದು. ಐರ್ಲೆಂಡಿನ ವಿಜ್ಞಾನಿ ಇಯಾನ್ ರಾಬರ್ಟ್‌ಸನ್ 2013ರಲ್ಲಿ ಇನ್ನೊಂದು ವಿಚಾರ ಮುಂದಿಟ್ಟರು: ಹೊಸತನ, ಓದು, ಜನರೊಡನೆ ಬೆರೆಯುವುದು, ಬುದ್ಧಿಗೆ ಶ್ರಮ ಇವೆಲ್ಲ ನೀಲಿ ಚುಕ್ಕೆಯನ್ನು ಮತ್ತೆ ಮತ್ತೆ ಎಬ್ಬಿಸುತ್ತವೆ, ಆ ನಾರ್‌ಅಡ್ರಿನಲಿನ್ನೇ ಇಡಗಂಟಿನ ಒಂದು ಮೂಲ. ಇದು ಇನ್ನೂ ಸಿದ್ಧಾಂತ, ತೀರ್ಪಲ್ಲ.

ಒಂದು ಎಚ್ಚರಿಕೆಯ ಮಾತೂ ಇರಲಿ. ಎಲ್ಲ ದೇಶಗಳಲ್ಲೂ ಇದೇ ಫಲ ಸಿಕ್ಕಿಲ್ಲ. ಕೆನಡಾದ ಟೊರೊಂಟೊದಲ್ಲಿ 2007ರಲ್ಲಿ ಸುಮಾರು ನಾಲ್ಕು ವರ್ಷದ ವ್ಯತ್ಯಾಸ ಕಂಡಿತು, ನ್ಯೂಯಾರ್ಕಿನ ಒಂದು ಅಧ್ಯಯನದಲ್ಲಿ ಕಾಣಲಿಲ್ಲ. ಎರಡು ನುಡಿ ಬಂದರೆ ಕಾಯಿಲೆ ಬರುವುದೇ ಇಲ್ಲ ಎಂದು ಯಾರೂ ಹೇಳಿಲ್ಲ. ಬರುವುದು ತಡವಾಗಬಹುದು, ಅಷ್ಟೇ. ಆದರೆ ಎಪ್ಪತ್ತರ ಮನುಷ್ಯನಿಗೆ ನಾಲ್ಕು ವರ್ಷ ಎಂದರೆ ಸಣ್ಣದಲ್ಲ. ಮೊಮ್ಮಗಳ ಮದುವೆ ನೋಡಿ ಅವಳ ಹೆಸರು ಹಿಡಿದು ಹರಸುವಷ್ಟು ಕಾಲ ಅದು.

ಶ್ರೀನಿವಾಸಪುರದ ಹಳ್ಳಿಗಳಲ್ಲಿ

ಇನ್ನೊಂದು ಗಡಿಯಲ್ಲಿ ನಡೆಯುತ್ತಿರುವ ಕೆಲಸವನ್ನೂ ತಿಳಿಯಬೇಕು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಮಾವಿಗೆ ಹೆಸರಾದ ತಾಲ್ಲೂಕು, ಆಂಧ್ರದ ಅಂಚಿನಲ್ಲಿದೆ, ನಮ್ಮಂತೆಯೇ ಕನ್ನಡ ತೆಲುಗು ಎರಡೂ ಆಡುವ ಸೀಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಅಲ್ಲಿನ ಹಳ್ಳಿಗಳಲ್ಲಿ 2018ರಲ್ಲಿ ಒಂದು ದೀರ್ಘ ಅಧ್ಯಯನ ಶುರು ಮಾಡಿತು. 45 ವರ್ಷ ದಾಟಿದ 10,000 ಜನರನ್ನು ವರ್ಷಗಳ ಕಾಲ ಹಿಂಬಾಲಿಸುವುದು ಅದರ ಗುರಿ. ನೆನಪಿನ ಪರೀಕ್ಷೆ, ರಕ್ತ ಪರೀಕ್ಷೆ, ಮಿದುಳಿನ ಎಂಆರ್‌ಐ ಎಲ್ಲ ಮಾಡುತ್ತಾರೆ. ಮರೆವಿನ ಬಗ್ಗೆ ಜಗತ್ತಿಗೆ ಗೊತ್ತಿರುವುದೆಲ್ಲ ಬಹುಮಟ್ಟಿಗೆ ಅಮೆರಿಕ ಯುರೋಪಿನ ಓದಿದ ಜನರಿಂದ ಬಂದದ್ದು. ಹೊಲದಲ್ಲಿ ದುಡಿಯುವ, ಓದು ಬಾರದ, ರಾಗಿ ಅನ್ನ ಉಣ್ಣುವ ನಮ್ಮ ಜನರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂಬುದಕ್ಕೆ ಉತ್ತರ ಇಂಥ ಹಳ್ಳಿಗಳಿಂದಲೇ ಬರಬೇಕು.

ಯಾವ ನುಡಿಯಲ್ಲಿ ಪರೀಕ್ಷೆ?

ಈಗ ನಮಗೆ ಎಲ್ಲಕ್ಕಿಂತ ಹತ್ತಿರದ ವಿಷಯ. ಗಡಿಯ ಮನೆಗಳಲ್ಲಿ ಹೀಗೆ ನಡೆಯುವುದುಂಟು. ಮುತ್ಯಾನಿಗೆ ಮರೆವು ಹೆಚ್ಚಾಯಿತೆಂದು ಮಗ ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಅಲ್ಲಿ ತೆಲುಗಿನಲ್ಲೋ ಇಂಗ್ಲಿಷ್ ಬೆರೆತ ಮಾತಿನಲ್ಲೋ ಕೇಳುತ್ತಾರೆ: ಇವತ್ತು ಯಾವ ತಾರೀಖು, ಈ ಮೂರು ಪದ ನೆನಪಿಡಿ, ನೂರರಿಂದ ಏಳು ಕಳೆಯುತ್ತ ಹೋಗಿ. ಮುತ್ಯಾನಿಗೆ ಚೈತ್ರ ವೈಶಾಖ ಗೊತ್ತು, ಇಂಗ್ಲಿಷ್ ತಿಂಗಳು ಗೊತ್ತಿಲ್ಲ. ಲೆಕ್ಕವನ್ನು ಅವನು ಎಂದೂ ಕನ್ನಡದಲ್ಲೇ ಮಾಡಿದವನು. ಅಂಕ ಕಡಿಮೆ ಬರುತ್ತದೆ. ಇಲ್ಲದ ಕಾಯಿಲೆ ಇದೆ ಎಂದು ಬರೆಯುವ ಅಪಾಯ ಇದೆ. ತಿರುಗಾಮುರುಗವೂ ಆಗುತ್ತದೆ: "ನುಡಿ ಬಾರದ್ದಕ್ಕೆ ಉತ್ತರ ಹೇಳಲಿಲ್ಲ" ಎಂದುಕೊಂಡು ನಿಜವಾದ ಕಾಯಿಲೆಯನ್ನು ಬಿಟ್ಟುಬಿಡಬಹುದು.

ಇದಕ್ಕೆ ದಾರಿ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಬೇರೆ ಬೇರೆ ಊರುಗಳ ತಜ್ಞರನ್ನು ಸೇರಿಸಿ ನಮ್ಮ ದೇಶಕ್ಕೆ ಹೊಂದುವ ನೆನಪಿನ ಪರೀಕ್ಷೆಗಳ ಕಂತೆಯನ್ನು ಸಿದ್ಧಪಡಿಸಿದೆ. ಅದು ಐದು ನುಡಿಗಳಲ್ಲಿ ಇದೆ: ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ. ಅಂದರೆ ಗಡಿಯ ಈಚೆಗೂ ಆಚೆಗೂ ಬೇಕಾದ ಎರಡು ನುಡಿಗಳು ಒಂದೇ ಕಂತೆಯಲ್ಲಿವೆ. ಆದ್ದರಿಂದ ವೈದ್ಯರ ಮುಂದೆ ಸಂಕೋಚ ಬೇಡ. "ಇವರ ಮನೆಮಾತು ಕನ್ನಡ, ಶಾಲೆ ಇಷ್ಟು ಓದಿದ್ದಾರೆ, ಕನ್ನಡದಲ್ಲಿ ಪರೀಕ್ಷೆ ಮಾಡಬಹುದೇ?" ಎಂದು ಮೊದಲೇ ಕೇಳಿ. ಆಗದಿದ್ದರೆ ಕನ್ನಡ ಬಲ್ಲವರು ಇರುವ ಕಡೆಗೆ ಕಳಿಸಲು ಕೇಳಿ. ಮನೆಯವರೇ ದುಭಾಷಿಯಾಗಿ ಕೂತರೆ ಉತ್ತರದ ಸುಳಿವು ಕೊಡಬೇಡಿ. ಪ್ರೀತಿಯಿಂದ ನೀವು ಸೇರಿಸಿದ ಒಂದು ಮಾತು ಪರೀಕ್ಷೆಯನ್ನೇ ಕೆಡಿಸುತ್ತದೆ.

ಎಲ್ಲ ಮರೆವೂ ಆಲ್‌ಝೈಮರ್ ಅಲ್ಲ

ಕೀಲಿಕೈ ಎಲ್ಲಿಟ್ಟೆ ಎಂದು ಮರೆಯುವುದು ವಯಸ್ಸು. ಕೀಲಿಕೈ ಏತಕ್ಕೆ ಎಂದೇ ತಿಳಿಯದಿರುವುದು ಕಾಯಿಲೆಯ ಗುರುತು. ನಲವತ್ತು ವರ್ಷ ನಡೆದ ದಾರಿಯಲ್ಲಿ ಮನೆ ತಪ್ಪಿಸಿಕೊಳ್ಳುವುದು, ದಿನಾ ಮಾಡುವ ಅಡುಗೆಯ ಕ್ರಮ ತಪ್ಪುವುದು, ದುಡ್ಡಿನ ಲೆಕ್ಕದಲ್ಲಿ ಮೋಸ ಹೋಗುತ್ತಿರುವುದು, ಇಲ್ಲದ ಅನುಮಾನ, ಸ್ವಭಾವವೇ ಬದಲಾಗುವುದು ಕಂಡರೆ ತಡ ಮಾಡಬೇಡಿ.

ಏಕೆಂದರೆ ಚಿಕಿತ್ಸೆಯಿಂದ ಸುಧಾರಿಸಬಲ್ಲ ಮರೆವೂ ಇದೆ. ವಿಟಮಿನ್ ಬಿ12 ಕೊರತೆ, ಥೈರಾಯಿಡ್ ತೊಂದರೆ, ಖಿನ್ನತೆ, ರಕ್ತದಲ್ಲಿ ಉಪ್ಪಿನಂಶ ಇಳಿಯುವುದು, ಕೆಲವು ನಿದ್ದೆ ಮಾತ್ರೆಗಳು, ಬಿದ್ದು ಪೆಟ್ಟಾಗಿ ತಲೆಯೊಳಗೆ ರಕ್ತ ಹೆಪ್ಪುಗಟ್ಟುವುದು ಇವೆಲ್ಲ ಮರೆವಿನ ವೇಷದಲ್ಲಿ ಬರುತ್ತವೆ. ರಕ್ತ ಪರೀಕ್ಷೆ ಮತ್ತು ಒಂದು ಸ್ಕ್ಯಾನಿನಿಂದ ಇವುಗಳಲ್ಲಿ ಬಹಳಷ್ಟು ಗೊತ್ತಾಗುತ್ತವೆ. ಆಸ್ಪತ್ರೆಗೆ ಹೋಗುವಾಗ ತಿನ್ನುತ್ತಿರುವ ಎಲ್ಲ ಮಾತ್ರೆಗಳನ್ನು, ನಾಟಿ ಔಷಧಿಯನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಕೆಲವರು ನಿದ್ದೆಯಲ್ಲಿ ಕನಸಿನಂತೆ ಕೈಕಾಲು ಬಡಿಯುತ್ತಾರೆ, ಕೂಗುತ್ತಾರೆ. ಇದು ಮಿದುಳು ಕಾಂಡದ ನಿದ್ದೆಯ ಕೇಂದ್ರಗಳಿಗೆ ಸಂಬಂಧಿಸಿದ ತೊಂದರೆ ಇರಬಹುದು. ಪಾರ್ಕಿನ್‌ಸನ್ ಮತ್ತು ಅದರ ಜಾತಿಯ ಮರೆವಿನ ಕಾಯಿಲೆಗಳಿಗೆ ವರ್ಷಗಳ ಮುಂಚೆಯೇ ಕಾಣಬಹುದಾದ ಸೂಚನೆ ಇದು. ದೆವ್ವದ ಕಾಟ ಎಂದು ತಾಯಿತ ಕಟ್ಟಿಸಿ ಸುಮ್ಮನಾಗುವ ಬದಲು ನರರೋಗ ತಜ್ಞರಿಗೆ ಹೇಳಿ.

ನಮ್ಮ ಕೈಯಲ್ಲಿರುವುದು

ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಹೇಳಿದ ಪ್ರಕಾರ, 14 ಅಪಾಯಗಳನ್ನು ತಪ್ಪಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು. ಅವು ಇಲ್ಲಿವೆ:

- ಕಡಿಮೆ ಓದು
- ಕಿವಿ ಕೇಳಿಸದಿರುವುದು ಮತ್ತು ಕಣ್ಣು ಮಂಜಾಗುವುದು
- ಹೆಚ್ಚು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟ್ರಾಲ್, ಬೊಜ್ಜು
- ಬೀಡಿ ಸಿಗರೇಟು, ಅತಿ ಕುಡಿತ
- ಮೈ ದುಡಿಸದಿರುವುದು
- ಖಿನ್ನತೆ ಮತ್ತು ಒಂಟಿತನ
- ತಲೆಗೆ ಪೆಟ್ಟು
- ಹೊಗೆ ದೂಳಿನ ಗಾಳಿ

ಇದರಲ್ಲಿ ಕಿವಿಯ ಮಾತನ್ನು ನಾವು ಕಡೆಗಣಿಸುತ್ತೇವೆ. ಕಿವಿ ಕೇಳದ ಹಿರಿಯರು ಮಾತಿನಿಂದ ದೂರವಾಗುತ್ತಾರೆ, ಮಾತಿಲ್ಲದ ಮಿದುಳಿಗೆ ಕೆಲಸವೇ ಇಲ್ಲದಾಗುತ್ತದೆ. ಕಿವಿಯಂತ್ರ ಹಾಕಿಸುವುದು ನಾಚಿಕೆಯಲ್ಲ. ಮೋಟಾರುಬೈಕಿನಲ್ಲಿ ರಾಯಚೂರಿಗೆ ಹೊರಟಾಗ ಹೆಲ್ಮೆಟ್ ಹಾಕುವುದೂ ಮುಪ್ಪಿನ ನೆನಪನ್ನು ಕಾಪಾಡುವ ಕೆಲಸವೇ.

ಹೊತ್ತು ಮೀರಬಾರದ ಕಡೆ

ಮಿದುಳು ಕಾಂಡಕ್ಕೆ ರಕ್ತ ನಿಂತರೆ ಕೈಕಾಲು ಬೀಳುವ ಮುನ್ನವೇ ಬೇರೆ ಲಕ್ಷಣ ಕಾಣಬಹುದು: ಇದ್ದಕ್ಕಿದ್ದಂತೆ ಒಂದು ವಸ್ತು ಎರಡಾಗಿ ಕಾಣುವುದು, ವಿಪರೀತ ತಲೆಸುತ್ತು, ನಡೆಯುವಾಗ ತೂರಾಡುವುದು, ಮಾತು ತೊದಲುವುದು, ನುಂಗಲು ಆಗದಿರುವುದು. ಪಿತ್ತ ಎಂದು ಲಿಂಬೆರಸ ಕೊಟ್ಟು ಮಲಗಿಸಬೇಡಿ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. 108ಕ್ಕೆ ಕರೆ ಮಾಡಿ. ಮಹಬೂಬನಗರವೋ ರಾಯಚೂರೋ ಕರ್ನೂಲೋ, ನಿಮ್ಮ ಊರಿಗೆ ಹತ್ತಿರ ಸಿಟಿ ಸ್ಕ್ಯಾನೂ ಈ ಔಷಧವೂ ಇರುವ ಆಸ್ಪತ್ರೆ ಯಾವುದು ಎಂದು ಇವತ್ತೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡಿ. ಆ ಹೊತ್ತಿಗೆ ಯಾವ ರಾಜ್ಯ ಎಂದು ಯೋಚಿಸುತ್ತ ಕೂರಬಾರದು.

ಬಳಗದವರು ಮಾಡಬಹುದಾದದ್ದು

ಮರೆವಿನ ಕಾಯಿಲೆ ಬಂದ ಅನೇಕರಲ್ಲಿ ಆಮೇಲೆ ಕಲಿತ ನುಡಿ ಮೊದಲು ಮಸುಕಾಗುತ್ತದೆ, ತಾಯಿಯ ಬಾಯಿಂದ ಕಲಿತದ್ದು ಕಡೆಯವರೆಗೆ ಉಳಿಯುತ್ತದೆ. ಎಲ್ಲರಲ್ಲೂ ಹೀಗೆ ಅಲ್ಲ, ಆದರೆ ಕಾಣುವುದುಂಟು. ಹಾಗಾದಾಗ ತೆಲುಗು, ಇಂಗ್ಲಿಷ್ ಮಾತ್ರ ಬಲ್ಲ ಮೊಮ್ಮಕ್ಕಳ ಮನೆಯಲ್ಲಿ ಕನ್ನಡ ಮಾತ್ರ ಉಳಿದ ಆಯಿ ಒಬ್ಬಳೇ ಆಗುತ್ತಾಳೆ. "ನೀರು ಕೊಡು" ಎಂದರೆ ತಿಳಿಯುವವರು ಇರುವುದಿಲ್ಲ. ಮನೆಯಲ್ಲಿ ಕನ್ನಡ ಉಳಿಸಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೇ? ತೆಲುಗು ಬೇಡ ಎಂದು ಯಾರೂ ಹೇಳುತ್ತಿಲ್ಲ. ನಮ್ಮ ಬಲ ಇರುವುದೇ ಎರಡೂ ಇರುವುದರಲ್ಲಿ.

ಅದಕ್ಕೆ ನಾಲ್ಕು ಸಣ್ಣ ಕೆಲಸಗಳು. ದಿನಕ್ಕೆ ಅರ್ಧ ಗಂಟೆ ಮಕ್ಕಳನ್ನು ಹಿರಿಯರ ಹತ್ತಿರ ಕನ್ನಡದಲ್ಲಿ ಮಾತಿಗೆ ಕೂರಿಸಿ, ಊರಿನ ಹಳೆಯ ಕಥೆ ಕೇಳಿಸಿ. ನವೆಂಬರ್ 1ರ ರಾಜ್ಯೋತ್ಸವದಂಥ ಸಭೆಗಳಲ್ಲಿ ಹಿರಿಯರಿಗೆ ಸನ್ಮಾನದ ಶಾಲಿನ ಜೊತೆ ಹತ್ತು ನಿಮಿಷ ಮಾತಿಗೂ ಅವಕಾಶ ಕೊಡೋಣ. ಸೆಪ್ಟೆಂಬರ್ 21 ವಿಶ್ವ ಆಲ್‌ಝೈಮರ್ ದಿನ, ಅಂದು ಬಿಪಿ, ಸಕ್ಕರೆ, ಕಿವಿ ಪರೀಕ್ಷೆಯ ಶಿಬಿರ ಮಾಡಬಹುದು. ಸದಸ್ಯರಲ್ಲಿ ವೈದ್ಯರು, ನರ್ಸುಗಳು, ಆಶಾ ಕಾರ್ಯಕರ್ತೆಯರು ಇದ್ದರೆ, ಆಸ್ಪತ್ರೆಯಲ್ಲಿ ಕನ್ನಡದವರಿಗೆ ಮಾತಿನ ನೆರವು ಕೊಡಲು ಮುಂದೆ ಬನ್ನಿ.

ಎರಡು ಉಚಿತ ಸಹಾಯವಾಣಿಗಳನ್ನು ಗುರುತು ಹಾಕಿಕೊಳ್ಳಿ. ಹಿರಿಯರಿಗೆ 14567. ಮನಸ್ಸಿನ ತೊಂದರೆಗೆ, ಆರೈಕೆ ಮಾಡಿ ದಣಿದವರಿಗೂ, ಟೆಲಿ ಮಾನಸ್ 14416. ಇಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು.

ಅರವತ್ತಕ್ಕೆ ಅರಳು ಮರಳು ಎಂದು ನಗುವ ಮುನ್ನ ಇನ್ನು ಮೇಲೆ ಒಮ್ಮೆ ಪಕ್ಕದಲ್ಲಿ ಕೂತು ಕೇಳೋಣ. ಅವರು ನಾಲ್ಕನೆಯ ಸಲ ಕೇಳಿದರೂ ನಾಲ್ಕನೆಯ ಸಲ ಉತ್ತರ ಕೊಡೋಣ, ಅವರ ನುಡಿಯಲ್ಲೇ.